ಹಸಿದವರ ಪುಟದಲ್ಲಿ ಪುಸ್ತಕ ಮುಚ್ಚಬಾರದು

ಮೊನ್ನೆ ಮೈಸೂರಿನಿಂದ ಊರಿಗೆ ಹೊರಟವನು ಬಿಳಿಕೆರೆಯಲ್ಲಿ ಇಳಿಯುವುದನ್ನು ಬಿಟ್ಟು ಸೀದಾ ಹುಣಸೂರಿಗೆ ಹೋಗಿಬಿಟ್ಟೆ. ನಿದ್ದೆ ಹತ್ತಿತ್ತು ಎಂದುಕೊಳ್ಳಬೇಡಿ, ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಕೈಯಲ್ಲೊಂದು ಪುಸ್ತಕವಿತ್ತು. ಅದರೊಳಗೆ ಹಡಗೊಡೆದು ದ್ವೀಪ ಸೇರಿದ್ದ ನಾವಿಕನೊಬ್ಬ ಪುಟಗಟ್ಟಲೆಯಿಂದ ಹೊಟ್ಟೆಗಿಲ್ಲದೆ ಬಿದ್ದಿದ್ದ. ಅವನ ಬಾಯಿಗೆ ಒಂದು ತುತ್ತು ಬೀಳುವ ತನಕ ನಾನು ಪುಸ್ತಕ ಮುಚ್ಚುವ ಹಾಗಿರಲಿಲ್ಲ. ಪುಣ್ಯಾತ್ಮ, ಬಿಳಿಕೆರೆ ದಾಟಿದ ಮೇಲೆ ಮರಳಲ್ಲಿ ಒಂದಷ್ಟು ಆಮೆಯ ಮೊಟ್ಟೆ ಹುಡುಕಿಕೊಂಡ.

"ಬಿಳಿಕೆರೆ ಬಿಳಿಕೆರೆ ಅಂತ ಗಂಟ್ಲು ಕಿತ್ಕಂಡ್ನಲ್ಲಾ ಸಾರ್, ಕೇಳಿಸ್ನಿಲ್ವಾ?" ಎಂದ ಕಂಡಕ್ಟರು.

"ಕೇಳಿಸ್ತು."

"ಮತ್ಯಾಕೆ ಇಳೀನಿಲ್ಲ?"

ಇದಕ್ಕೆ ಇದ್ದದ್ದು ಇದ್ದ ಹಾಗೆ ಉತ್ತರ ಹೇಳಿದರೆ ಅವನು ನನ್ನನ್ನು ಯಾವುದಾದರೂ ಮಾನಸಿಕ ಆಸ್ಪತ್ರೆಯ ಮುಂದೆ ಇಳಿಸುವ ಸಂಭವವಿತ್ತು. ಹುಣಸೂರಿನಲ್ಲಿ ಸ್ವಲ್ಪ ಕೆಲಸವಿದೆ ಎಂದು ಗೊಣಗಿ, ಇಳಿದು, ಒಂದು ಟೀ ಕುಡಿದು, ಎದುರಿಗೆ ಬಂದ ಬಸ್ಸು ಹತ್ತಿ ವಾಪಸ್ಸಾದೆ. ಮನೆಯಲ್ಲಿ ಹೆಂಡತಿ ಯಾಕೆ ತಡ ಎಂದು ಕೇಳಲೇ ಇಲ್ಲ. ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, "ಸಿಕ್ತಾ ಊಟ ಆ ಮನುಷ್ಯನಿಗೆ?" ಎಂದಳು. ನನ್ನ ಕಾಯಿಲೆ ಅವಳಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿಹೋಗಿದೆ.

ಈ ಪುಸ್ತಕದ ಹಿಂಬದಿಯಲ್ಲಿ ಓದುಗರ ಅಭಿಪ್ರಾಯಗಳನ್ನು ಅಚ್ಚು ಹಾಕಿದ್ದಾರೆ. ಒಬ್ಬರು 'ಮೈನವಿರೇಳಿಸುವ ಕಥನ' ಅಂದಿದ್ದಾರೆ. ಇನ್ನೊಬ್ಬರು 'ಮಾನವ ಚೇತನದ ಅದಮ್ಯ ಗೆಲುವು' ಅಂದಿದ್ದಾರೆ. ಓದಿ ನನಗೆ ನಗು ಬಂತು. ಚರಿತ್ರೆಯಲ್ಲಿ ಧೈರ್ಯ ಮಾಡಿದವರು, ಸಾವಿನ ಬಾಯಿಂದ ಪಾರಾಗಿ ಬಂದವರು, ಇಂಥವರ ಪುಸ್ತಕಗಳ ಬಗ್ಗೆ ನಾನೂ ಒಂದು ಕಾಲದಲ್ಲಿ ಬೇಕಾದಷ್ಟು ಅಭಿಪ್ರಾಯ ಕೇಳಿದ್ದೇನೆ. ಹೇಳಿದವರಲ್ಲಿ ಒಬ್ಬರ ಮೈನವಿರೂ ಎದ್ದಿರಲಿಲ್ಲ. ಎದ್ದಿದ್ದರೂ ಅದನ್ನು ಕೆಡವಿ ಮಲಗಿಸುವಷ್ಟು ಅಂಟು ಅವರ ಮೈಕೈಗೆ ಮೆತ್ತಿರುತ್ತಿತ್ತು.

ಅದು ಹೊಗೆಸೊಪ್ಪಿನ ಅಂಟು. ತೊಂಬತ್ತರ ದಶಕದ ನಡುವಿನ ಮಾತು. ನಾನು ಇತಿಹಾಸದಲ್ಲಿ ಬಿ.ಎ. ಮುಗಿಸಿ, ವರ್ತಮಾನದಲ್ಲಿ ಕೆಲಸವಿಲ್ಲದೆ, ನಮ್ಮ ದೊಡ್ಡಪ್ಪನ ಮನೆಯಲ್ಲಿ ಎರಡು ಹೊತ್ತು ಮುದ್ದೆ ಉಂಡುಕೊಂಡಿದ್ದೆ. ನಮ್ಮದೆಲ್ಲ ಒಂದೇ ಮನೆ, ಒಂದೇ ಒಲೆ. ಹಿತ್ತಲ ಆಚೆಗೆ ನಮ್ಮ ಬ್ಯಾರನ್ನು. ಹಸಿ ಸೊಪ್ಪನ್ನು ಸಾಲಾಗಿ ತೂಗುಹಾಕಿ ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಕಟ್ಟಡಕ್ಕೆ ಹಾಗೆನ್ನುತ್ತೇವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಗುಡಿ ಇಲ್ಲದ ಊರು ಹುಡುಕಿದರೆ ಸಿಕ್ಕೀತು, ಬ್ಯಾರನ್ನಿಲ್ಲದ ಊರು ಸಿಗುವುದಿಲ್ಲ. ಮುರಿದು ತಂದ ಸೊಪ್ಪನ್ನು ಅದರ ಮುಂದಿನ ಚಪ್ಪರದಡಿ ಗುಡ್ಡೆ ಹಾಕುತ್ತಾರೆ. ಹೆಂಗಸರು ಸುತ್ತ ಕೂತು ಎಲೆಗಳನ್ನು ಜೋಡಿಸಿ ದಾರದಿಂದ ಉದ್ದನೆಯ ಕಡ್ಡಿಗೆ ಕಟ್ಟುತ್ತಾರೆ. ಬೆಳಗ್ಗೆ ಕೂತರೆ ಸಂಜೆಗೆ ಏಳುವ ಕೆಲಸ.

ಉಂಡ ಮುದ್ದೆಯ ಋಣಕ್ಕೆ ನಾನೂ ಸೊಪ್ಪು ಕಟ್ಟಲು ಕೂತೆ. ನಾನು ಕಟ್ಟಿದ ಕಡ್ಡಿ ನೋಡಲು ಏನೋ ಚೆನ್ನಾಗಿತ್ತು. ಒಳಗೆ ತೂಗುಹಾಕಿದ ಮೇಲೆ ಎಲೆಗಳು ಒಂದೊಂದಾಗಿ ಜಾರಿ ಕೆಳಗೆ ಬೀಳತೊಡಗಿದವು. ಕೆಳಗೆ ಬೆಂಕಿಯ ಕಾವನ್ನು ಒಳಗೆಲ್ಲ ಹರಿಸುವ ಕಬ್ಬಿಣದ ಕೊಳವೆ ಕೆಂಪಗೆ ಕಾಯ್ದಿರುತ್ತದೆ. ಒಣ ಎಲೆ ಅದರ ಮೇಲೆ ಬಿತ್ತೋ, ಬ್ಯಾರನ್ನೂ ಇಲ್ಲ, ಸೊಪ್ಪೂ ಇಲ್ಲ. ಬೆಂಕಿ ನೋಡಿಕೊಳ್ಳುತ್ತಿದ್ದ ಜವರಣ್ಣ ಓಡಿಬಂದು, "ಅಮ್ಮಾವ್ರೇ, ಈ ಬಿ.ಎ.ನ ಮೊದ್ಲು ಇಲ್ಲಿಂದ ಎಬ್ಸಿ. ಇವ್ರು ಕಟ್ತಾ ಕೂತ್ರೆ ನಾವೆಲ್ಲ ಬೂದಿ ಬಳ್ಕಂಡು ಓಗ್ಬೇಕಾಯ್ತದೆ" ಎಂದು ದೊಡ್ಡವ್ವನಿಗೆ ದೂರು ಕೊಟ್ಟ.

ದೊಡ್ಡವ್ವ ಎಂದರೆ ದೊಡ್ಡಪ್ಪನ ಹೆಂಡತಿ. ಮನೆ, ಹೊಲ, ಆಳುಕಾಳು ಎಲ್ಲವೂ ಅವಳ ಗಂಟಲ ಮೇಲೆ ನಡೆಯುತ್ತಿತ್ತು. ಹಿತ್ತಲಿಗೆ ಹಾವು ಬಂದರೆ ಗಂಡಸರು ದೊಣ್ಣೆ ಹುಡುಕುತ್ತಿರುವಾಗ ಅವಳು ಪೊರಕೆಯಲ್ಲೇ ಅದನ್ನು ಗುಡಿಸಿ ಬೇಲಿಯಾಚೆ ದಾಟಿಸಿ ಬರುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೈಲಂತೂ ಆಗಕಿಲ್ಲ, ಬಾಯಲ್ಲಾದ್ರೂ ಏನಾರ ಮಾಡ್ತೀಯೇನ್ಲಾ? ಓದಿದ್ದೀಯಲ್ಲ, ಓದೇಳು" ಎಂದಳು. ಹೀಗೆ ನಾನು ಸೊಪ್ಪು ಕಟ್ಟುವ ಹೆಂಗಸರಿಗೆ ಪುಸ್ತಕ ಓದಿ ಹೇಳುವ ಉದ್ಯೋಗಕ್ಕೆ ಸೇರಿದೆ. ಅಂಟಿನ ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿರಲಿಲ್ಲವಾದ್ದರಿಂದ ನನ್ನ ಹುದ್ದೆಗೆ ಪೈಪೋಟಿಯೂ ಇರಲಿಲ್ಲ.

ಹುಣಸೂರಿನ ಲೈಬ್ರರಿಯಲ್ಲಿ ಕಾದಂಬರಿಗಳು ಯಾವಾಗಲೂ ಯಾರದೋ ಮನೆಯಲ್ಲಿರುತ್ತಿದ್ದವು. ಚರಿತ್ರೆಯ ಸಾಹಸದ ಪುಸ್ತಕಗಳು ಮಾತ್ರ ಧೂಳು ಹೊದ್ದು ನನಗಾಗಿ ಕಾದಿರುತ್ತಿದ್ದವು. ಮೊದಲು ತಂದದ್ದು ಮರುಭೂಮಿ ದಾಟಿದ ಒಂದು ದಂಡಿನ ಕತೆ. ಮೊದಲ ದಿನ ಮಧ್ಯಾಹ್ನದವರೆಗೆ ಓದಿದೆ. ಸಿಪಾಯಿಗಳ ನೀರಿನ ಚೀಲ ಬರಿದಾಗಿ ನಾಲಿಗೆ ಊದಿಕೊಂಡು ಬಿದ್ದಿದ್ದ ಜಾಗಕ್ಕೆ ಬರುವ ಹೊತ್ತಿಗೆ ಊಟ ಬಂತು. ಪುಸ್ತಕ ಮುಚ್ಚಿದೆ.

ಮುದ್ದೆಗೆ ಯಾರೂ ಕೈ ಹಾಕಲಿಲ್ಲ.

"ಯಾಕ್ಲಾ ಮುಚ್ಚುಬುಟ್ಟೆ?" ಎಂದಳು ದೊಡ್ಡವ್ವ.

"ಊಟದ ಹೊತ್ತಾಯ್ತಲ್ಲ ದೊಡ್ಡವ್ವ."

"ನಮಗಾಯ್ತು. ಅವ್ರಿಗೆ?"

ಆಮೇಲೆ ವಿಷಯ ತಿಳಿಯಿತು. ನಮ್ಮ ಕಡೆ ಶ್ರಾವಣದಲ್ಲಿ ಮನೆಮನೆಯಲ್ಲಿ ಪುರಾಣ ಓದಿಸುತ್ತಾರೆ. ಅದಕ್ಕೊಂದು ಕಟ್ಟಳೆ ಇದೆ. ಕತೆಯೊಳಗಿನ ರಾಜನೋ ರಾಣಿಯೋ ಕಷ್ಟದಲ್ಲಿರುವಾಗ ಓದು ನಿಲ್ಲಿಸಬಾರದು. ಕಾಡಿಗೆ ಹೋದವರು ಒಂದು ನೆರಳು ಸೇರಬೇಕು, ಹಸಿದವರಿಗೆ ಒಂದು ಹಣ್ಣಾದರೂ ಸಿಗಬೇಕು, ಆಮೇಲೆ ಮಂಗಳಾರತಿ. ಕಷ್ಟದ ಪುಟದಲ್ಲಿ ಮುಚ್ಚಿದರೆ ಆ ಕಷ್ಟ ಓದಿಸಿದ ಮನೆಗೂ ಕೇಳಿದವರಿಗೂ ತಗಲುತ್ತದೆ. ನಮ್ಮ ಹೆಂಗಸರು ಈ ಕಟ್ಟಳೆಯನ್ನು ಮರುಭೂಮಿಯ ದಂಡಿಗೂ ಹಾಕಿದ್ದರು. ಅವರ ಲೆಕ್ಕದಲ್ಲಿ ಪುಸ್ತಕವೆಂದರೆ ಪುಸ್ತಕ, ಕಷ್ಟವೆಂದರೆ ಕಷ್ಟ.

ಪುರಾಣ ಬರೆದವರು ಲೋಕ ಕಂಡವರು, ನಾಲ್ಕು ಪುಟಕ್ಕೊಮ್ಮೆ ಯಾವುದಾದರೂ ದೇವರನ್ನು ಪ್ರತ್ಯಕ್ಷ ಮಾಡಿಸಿ ಓದುವವನ ಗಂಟಲಿಗೆ ಬಿಡುವು ಕೊಡುತ್ತಾರೆ. ಚರಿತ್ರೆ ಬರೆಯುವವರಿಗೆ ಆ ಕರುಣೆ ಎಲ್ಲಿಂದ ಬರಬೇಕು? ಒಮ್ಮೆ ಉಪವಾಸ ಕೆಡವಿದರೆಂದರೆ ಅಧ್ಯಾಯಗಟ್ಟಲೆ ಎಬ್ಬಿಸುವುದಿಲ್ಲ. ಅವತ್ತು ಆ ಸಿಪಾಯಿಗಳಿಗೆ ಒಂದು ಓಯಸಿಸ್ ಸಿಗುವ ತನಕ ಓದಿ, ನನ್ನ ನಾಲಿಗೆಯೂ ಅವರಷ್ಟೇ ಊದಿಕೊಂಡ ಮೇಲೆ, ಎಲ್ಲರೂ ತಣ್ಣಗಾದ ಮುದ್ದೆ ಮುರಿದರು. ಮಾರನೆಯ ದಿನದಿಂದ ನಾನು ಒಂದು ಚೊಂಬು ನೀರು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದೆ.

ಇನ್ನು ಅಭಿಪ್ರಾಯಗಳು. ಅವು ಪುಸ್ತಕ ಮುಗಿಯುವವರೆಗೆ ಕಾಯುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಕೆಂಪಮ್ಮ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದವಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದಳು. ನನಗೆ ಕೆಲಸ ಸಿಕ್ಕಿಲ್ಲ ಎಂಬುದನ್ನು ದಿನಕ್ಕೆ ಹತ್ತು ಸಲ ನೆನಪಿಸುವ ಉಪಾಯ ಅದು.

"ಧೈರ್ಯ ಅಂತೆ ಧೈರ್ಯ! ಇವ್ರನ್ನ ಮರಳಿಗೆ ಬನ್ನಿ ಅಂತ ಎಲೆ ಅಡ್ಕೆ ಕೊಟ್ಟು ಕರ್ದಿದ್ರಾ ಯಾರಾದ್ರೂವೆ? ಮಾಡಿದ್ದುಣ್ಣೋ ಮಾರಾಯ" ಎನ್ನುತ್ತಿದ್ದಳು. "ನಮ್ಮಪ್ಪ ಆನೆ ಎದ್ರಿಗ್ ಬಂದಾಗ ಪಂಚೆ ಬುಟ್ಟು ಓಡಿ ಮರ ಅತ್ತಿದ. ಬದುಕ್ದ. ಅವುನ್ನ ಯಾರೂ ಪುಸ್ತ್ಕದಲ್ಲಿ ಬರೀನಿಲ್ಲ. ನಿಂತ್ಕಂಡಿದ್ರೆ ಬರೀತಿದ್ರು, ಆದ್ರೆ ಓದಕೆ ಅವನೇ ಇರ್ತಿರ್ನಿಲ್ಲ."

ಜವರಣ್ಣ ಬೆಂಕಿ ಒಟ್ಟುವ ಬಾಯಿಯ ಹತ್ತಿರ ಕೂತು ದೂರದಿಂದಲೇ ಕೇಳುತ್ತಿದ್ದ. ಅವನದು ಒಂದೇ ಪ್ರಶ್ನೆ. ಪುಸ್ತಕ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಸೌದೆ ಎಲ್ಲಿಂದ ತಂದರು? ಬೆಂಕಿ ಕಾದವನು ಯಾರು? ದಂಡನಾಯಕನ ಕುದುರೆಯ ಬಣ್ಣವನ್ನೂ ಬರೆದ ಪುಸ್ತಕದಲ್ಲಿ ಬೆಂಕಿ ಕಾದವನ ಹೆಸರಿಲ್ಲ ಎಂಬುದು ಅವನಿಗೆ ಸ್ವಂತ ಅವಮಾನವಾಗಿತ್ತು. "ಬರ್ದೋನು ಒಲೆ ಮುಂದೆ ಕುಂತೋನಲ್ಲ" ಎಂದು ಆ ಪುಸ್ತಕಗಳನ್ನೆಲ್ಲ ಒಟ್ಟಾಗಿ ತಳ್ಳಿಹಾಕುತ್ತಿದ್ದ. ಹಾಗಂತ ಕೇಳುವುದನ್ನು ಬಿಡುತ್ತಲೂ ಇರಲಿಲ್ಲ.

ದೊಡ್ಡವ್ವನಿಗೆ ಬೇಕಾಗಿದ್ದುದು ಬಡಿಸಿದವರ ಸುದ್ದಿ. ಇರುವ ಹಿಡಿ ಹಿಟ್ಟನ್ನು ಯಾರು ಹಂಚಿದರು, ಹಂಚಿದವನು ಮೊದಲು ಉಂಡನೋ ಕೊನೆಗೆ ಉಂಡನೋ? ಕೊನೆಗೆ ಉಂಡರೆ ಅವನು ಕಳ್ಳನಾದರೂ ಸರಿ, ಕೊಲೆಗಾರನಾದರೂ ಸರಿ, ದೊಡ್ಡವ್ವನ ಪಾಲಿಗೆ ದೊಡ್ಡಮನುಷ್ಯ. ಮೊದಲೇ ಉಂಡರೆ ಅವನು ರಾಜ್ಯ ಗೆದ್ದುಬಂದರೂ, "ತೂ, ಅವುನ್ ಮಕ ನೋಡ್ಬಾರ್ದು" ಎಂದು ಒಂದೇ ಮಾತಿನಲ್ಲಿ ಚರಿತ್ರೆಯಿಂದ ಹೊರಗೆ ಹಾಕುತ್ತಿದ್ದಳು. ನಾನು ಮೂರು ವರ್ಷ ಕಾಲೇಜಿನಲ್ಲಿ ಕಲಿತ ಕಾರಣ, ಪರಿಣಾಮ, ಮಹತ್ವಗಳಲ್ಲಿ ಒಂದೂ ಆ ಚಪ್ಪರದಡಿ ಚಲಾವಣೆಯಾಗಲಿಲ್ಲ.

ದೊಡ್ಡಪ್ಪ ಮಾತ್ರ ಚಪ್ಪರದ ಕಡೆ ಸುಳಿಯುತ್ತಿರಲಿಲ್ಲ. ಮಾತು ಕಡಿಮೆ, ಆಡಿದರೆ ಚುಚ್ಚುಮಾತು. "ಸತ್ತೋರ ಕತೆ ಓದಿ ಬದುಕಿರೋರ ಕೆಲ್ಸ ಕೆಡಿಸ್ತವ್ನೆ" ಎನ್ನುವುದು ನನ್ನ ಬಗ್ಗೆ ಅವನ ಅಭಿಪ್ರಾಯ.

ಮರುಭೂಮಿ ಮುಗಿದು, ಇನ್ನೂ ಮೂರ್ನಾಲ್ಕು ಪುಸ್ತಕಗಳಾದ ಮೇಲೆ ಹಿಮದ ಪುಸ್ತಕ ತಂದೆ. ಅದೇ ಎಡವಟ್ಟಾದದ್ದು. ಧ್ರುವದ ಕಡೆಗೆ ಹೊರಟ ಹಡಗೊಂದು ಮಂಜುಗಡ್ಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾವಿಕರು ಹಡಗಿನ ಹಲಗೆ ಕಿತ್ತು ಗುಡಿಸಲು ಕಟ್ಟಿ ಕೂರುತ್ತಾರೆ. ಪುಸ್ತಕವೋ ತಲೆದಿಂಬಿನಷ್ಟು ದಪ್ಪ. ಓದು ಅರ್ಧಕ್ಕೆ ಬಂದಿದ್ದಾಗ ದೊಡ್ಡವ್ವ ಒಂದು ದಿನ ಸೊಪ್ಪಿನ ಕಡ್ಡಿ ಎತ್ತಿಕೊಡಲು ಹೋಗಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು.

ಬಹಳ ದಿನದಿಂದ ನೋವಿತ್ತಂತೆ. ಗ್ಯಾಸು ಗ್ಯಾಸು ಎಂದು ಜೀರಿಗೆ ನೀರು ಕುಡಿದು ಮುಚ್ಚಿಟ್ಟಿದ್ದಳು. ಮೈಸೂರಿಗೆ ಕರೆದುಕೊಂಡು ಹೋದೆವು. ಗರ್ಭಕೋಶದಲ್ಲಿ ಗಡ್ಡೆಯಿದೆ, ತಡ ಮಾಡದೆ ಆಪರೇಷನ್ ಮಾಡಿಸಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ದೊಡ್ಡವ್ವ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಆಗ್ಲಿ ಸಾಮಿ, ಪುಸ್ತ್ಕ ಮುಗೀಲಿ, ಬತ್ತೀನಿ" ಎಂದು ಸೆರಗು ಸುತ್ತಿಕೊಂಡು ಎದ್ದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಗಡಿಯಾರ ನೋಡಿದೆ.

ಮನೆಗೆ ಬಂದ ಮೇಲೂ ಅದೇ ಹಟ. ರಾತ್ರಿಯ ಮಟ್ಟಿಗೆ ಓದು ನಿಲ್ಲಿಸಲು ಆ ನಾವಿಕರಿಗೆ ಒಂದು ಮೀನು ಸಿಕ್ಕರೂ ಸಾಕಿತ್ತು, ಆಸ್ಪತ್ರೆ ಸೇರುವಷ್ಟು ದಿನ ಬಿಡಬೇಕಾದರೆ ಅವರು ದಡವನ್ನೇ ಸೇರಬೇಕಿತ್ತು. "ಆ ಜನ ಐಸ್‌ನಾಗೆ ಒಟ್ಟೆಗಿಲ್ದೆ ಬಿದ್ದವ್ರೆ. ಅಂಥಾ ಕಡೆ ನಿಲ್ಸಿ ನಾನು ಕುಯ್ಸ್ಕೊಳ್ಳಕೆ ಓಗ್ಲಾ? ಒಳ್ಳೇದಾದದಾ?" ಕಟ್ಟಳೆಯ ಮಾತು. ಎದುರು ಮಾತಾಡುವವರು ಯಾರು? ದೊಡ್ಡಪ್ಪ ರೇಗಿದ, ಗೋಗರೆದ, ಎರಡು ದಿನ ಉಪವಾಸವನ್ನೂ ಮಾಡಿದ. ಏನೂ ಗಿಟ್ಟಲಿಲ್ಲ. ಕೊನೆಗೆ ನನ್ನನ್ನು ಹಟ್ಟಿಯ ಮರೆಗೆ ಎಳೆದುಕೊಂಡು ಹೋಗಿ, "ಲೋ, ನಿನ್ ಕಾಲಿಗ್ ಬೀಳ್ತೀನಿ ಕಣ್ಲಾ, ಆ ಬೇವರ್ಸಿಗಳನ್ನ ಬಿರ್‍ರನೆ ದಡ ಸೇರ್ಸು. ಪುಟ ಆರ್ಸು. ಅವ್ಳು ಸತ್ತೋಯ್ತಾಳೆ" ಎಂದ. ಚುಚ್ಚುಮಾತಿನ ಮನುಷ್ಯನ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಅವತ್ತೇ ಕೇಳಿದ್ದು. ನನಗೂ ಹೆದರಿಕೆಯಾಯಿತು.

ಮಾರನೆಯ ದಿನ ಕಷ್ಟದ ಪುಟಗಳನ್ನೆಲ್ಲ ಗುಂಪುಗುಂಪಾಗಿ ಹಾರಿಸಿದೆ. ಒಂದು ಇಡೀ ಚಳಿಗಾಲವನ್ನು ಟೀ ಕುಡಿಯುವುದರೊಳಗೆ ದಾಟಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿರುವಾಗ ಕೆಂಪಮ್ಮ ಕತ್ತೆತ್ತಿದಳು.

"ಮೇಷ್ಟ್ರೇ, ನಾಯಿಗಳೆಲ್ಲಿ?"

"ಯಾವ ನಾಯಿ?"

"ನೆನ್ನೆ ಬಂಡಿ ಎಳೀತಿದ್ವಲ್ಲ, ಗುಡ್ಲು ಮುಂದೆ ಮನಗಿದ್ವಲ್ಲ, ಅವು."

ಆ ನಾಯಿಗಳು ನಾನು ಹಾರಿಸಿದ ಪುಟಗಳಲ್ಲಿ ನಾವಿಕರ ಹೊಟ್ಟೆ ಸೇರಿದ್ದವು. "ಅವು... ಓಡಿಹೋದವು" ಎಂದೆ.

"ಎಲ್ಲಿಗೆ? ಸುತ್ತ ಬರೀ ಐಸು ಅಂದ್ರಿ. ನೆಂಟ್ರ ಮನೆ ಗಿಂಟ್ರ ಮನೆ ಇತ್ತಾ ಅವಕ್ಕೆ?"

ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಬೆಂಕಿಯ ಕಡೆಯಿಂದ ಜವರಣ್ಣನ ದನಿ ಬಂತು, "ತಿಂದವ್ರೆ ಬುಡಿ, ಅದ್ರಲ್ಲೇನು? ಬೇಯ್ಸಕೆ ಸೌದೆ ಎಲ್ಲಿತ್ತು, ಅದ್ನೇಳಿ."

ದೊಡ್ಡವ್ವ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. "ಪಾಪ, ಎಷ್ಟು ಅಸಿದಿದ್ರೋ. ಮುಚ್ಚಿಡೋದ್ಯಾಕ್ಲಾ ಮಗ? ಇಂದಕ್ಕೋಗು. ಬುಟ್ಟಿದ್ದೆಲ್ಲ ಓದು" ಎಂದಳು. ಚಳಿಗಾಲ ಮತ್ತೆ ಮೊದಲಿನಿಂದ ಶುರುವಾಯಿತು. ಬೇಗ ಮುಗಿಸಲು ಹೋಗಿ ಎರಡು ದಿನ ಹೆಚ್ಚಿಗೆ ಹಿಡಿಯಿತು. ದೊಡ್ಡಪ್ಪ ನನ್ನ ಕಡೆ ನೋಡುವುದನ್ನೇ ಬಿಟ್ಟ.

ಅಂತೂ ಒಂದು ದಿನ ಮಂಜು ಕರಗಿತು. ಮೀನುಗಾರರ ದೋಣಿಯೊಂದು ಬಂತು. ಉಳಿದವರೆಲ್ಲ ಅದನ್ನು ಹತ್ತಿ ಬಿಸಿ ಗಂಜಿ ಕುಡಿದರು. ಗಂಜಿ ಬಡಿಸಿದ ಮುದುಕ ಕೊನೆಯಲ್ಲಿ ಕುಡಿದ ಎಂದು ಪುಸ್ತಕದಲ್ಲಿ ಇರಲಿಲ್ಲ, ನಾನೇ ಸೇರಿಸಿದೆ. ದೊಡ್ಡವ್ವ ಕೈ ತೊಳೆದು ಬಂದು, ಸೊಪ್ಪಿನ ಗುಡ್ಡೆಯ ಮೇಲೆ ಒಂದು ಮಣೆಯಿಟ್ಟು, ಮಣೆಯ ಮೇಲೆ ಪುಸ್ತಕವಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರದ ಆರತಿ ಎತ್ತಿದಳು. ಅಷ್ಟು ಕೊರೆಯುವ ಚಳಿಯಲ್ಲಿದ್ದ ನಾವಿಕರಿಗೆ ಕೊನೆಗೂ ಸ್ವಲ್ಪ ಕಾವು ತಗುಲಿತು ಎಂದು ಜವರಣ್ಣನಿಗೆ ಸಂತೋಷವಾಯಿತು. ಪುಸ್ತಕ ವಾಪಸ್ಸು ಕೊಟ್ಟಾಗ ಲೈಬ್ರರಿಯವರು ಕುಂಕುಮವನ್ನು ನೋಡಿ, "ಪಾಸಾಗ್ಲಿ ಅಂತ ಪೂಜೆ ಮಾಡಿದ್ರಾ?" ಎಂದರು.

ಪುಸ್ತಕ ಮುಗಿದಿತ್ತು. ಇನ್ನು ನೆವ ಉಳಿದಿರಲಿಲ್ಲ. ಅವತ್ತು ಸಂಜೆ ದೊಡ್ಡವ್ವ ಹಿತ್ತಲಲ್ಲಿ ಅಂಟು ಹೋಗಲೆಂದು ಹುಣಸೆಹಣ್ಣು ಹಾಕಿ ಕೈ ತಿಕ್ಕುತ್ತಿದ್ದಳು. ನಾನು ನೀರು ಹೊಯ್ಯುತ್ತಿದ್ದೆ.

"ಮಗ, ನಂಗೆ ಭಯ ಕಣ್ಲಾ" ಎಂದಳು.

ಹಾವು ಗುಡಿಸುತ್ತಿದ್ದ ದೊಡ್ಡವ್ವನ ಬಾಯಲ್ಲಿ ಆ ಮಾತು ನಾನು ಕೇಳಿರಲೇ ಇಲ್ಲ.

"ಮತ್ತು ಬರುಸ್ತಾರಂತೆ. ಮನಗುದ್ಮೇಲೆ ಏನೂ ಗೊತ್ತಾಗಕಿಲ್ವಂತೆ. ಏಳ್ಲೇ ಇಲ್ಲ ಅಂದ್ರೆ? ಕೇಳದು ಯಾರ್ನ?" ಎಂದು ಕೈ ತಿಕ್ಕುತ್ತಲೇ ಹೇಳಿದಳು. "ಕೆಂಪಿ ಯೋಳದು ಸರಿ ಕಣ, ಓಡಿ ಮರ ಅತ್ತುಬುಡೋದೇ ವಾಸಿ. ಆದ್ರೆ ಇದು ಒಟ್ಟೆ ಒಳಗೇ ಕುಂತದಲ್ಲ, ಎಲ್ಲಿಗೆ ಓಡದು?"

ನನಗೆ ಅಳು ಬಂತು. ಧೈರ್ಯದ ಮೇಲೆ ಅಷ್ಟೊಂದು ಪುಸ್ತಕ ಓದಿ ಹೇಳಿದವನಿಗೆ ಒಂದು ಧೈರ್ಯದ ಮಾತೂ ಹೊಳೆಯಲಿಲ್ಲ. ಅವಳೇ ಕೈ ಒರೆಸಿಕೊಂಡು ದಾರಿ ಹುಡುಕಿದಳು.

"ಇನ್ನೊಂದು ಪುಸ್ತ್ಕ ತತ್ತಾ. ನಾಳೆನೇ ಸುರು ಮಾಡು. ನಾನು ಮೈಸೂರ್ಗೆ ಓಗೋ ದಿನ, ಎಲ್ಲಿ ಬಾಳ ಕಷ್ಟ ಅದೋ ಅಲ್ಲಿ ನೋಡ್ಕಂಡು ನಿಲ್ಸ್‌ಬುಡು."

"ಕಷ್ಟದ ಪುಟದಲ್ಲಾ? ಮುಚ್ಚಬಾರ್ದು ಅಂತ ನೀನೇ ಅಂತೀಯಲ್ಲ ದೊಡ್ಡವ್ವ."

"ಊಂ, ಮುಚ್ಚಬಾರ್ದು. ಅದ್ಕೇಯ. ಅಂಥಾ ಜಾಗ್ದಲ್ಲಿ ಅವರ್ನ ಬುಟ್ಟು ನಾನು ಎಲ್ಲಿಗ್ಲಾ ಓಗ್ಲಿ? ಎದ್ದು ಬರ್ಲೇಬೇಕಾಯ್ತದೆ."

ನಾನು ತಂದದ್ದು ಒಂದು ಬೆಟ್ಟದ ಕೋಟೆಯ ಪುಸ್ತಕ. ಶತ್ರುಗಳು ಸುತ್ತ ಮುತ್ತಿಗೆ ಹಾಕಿದ್ದಾರೆ. ಒಳಗಿನ ಕೊಳ ಬಿರುಕು ಬಿಟ್ಟು ನೀರೆಲ್ಲ ಇಂಗಿದೆ. ಇರುವ ನೀರನ್ನು ಕರಟದಲ್ಲಿ ಅಳೆದು ಹಂಚುತ್ತಾರೆ. ಹಂಚುವವಳು ಒಬ್ಬ ಕಾವಲುಗಾರನ ಹೆಂಡತಿ, ಮಕ್ಕಳಿಗೆಲ್ಲ ಕೊಟ್ಟು ಕೊನೆಯಲ್ಲಿ ಕರಟದ ತಳ ನೆಕ್ಕುತ್ತಾಳೆ. ಇದು ಪುಸ್ತಕದಲ್ಲೇ ಇತ್ತು, ನಾನು ಸೇರಿಸಬೇಕಾಗಲಿಲ್ಲ. ದೊಡ್ಡವ್ವ ಮೈಸೂರಿಗೆ ಹೊರಡುವ ದಿನ ಬೆಳಗ್ಗೆ ಕೊನೆಯ ಮಡಕೆಯೂ ಬರಿದಾಗಿ, ಜನ ಮುಂಜಾನೆ ಕಲ್ಲುಗಳ ಮೇಲಿನ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸಿ ಹಿಂಡಿಕೊಳ್ಳುವ ಜಾಗಕ್ಕೆ ಬಂದಿತ್ತು. "ಇಲ್ಲಿಗೇ ನಿಲ್ಸು" ಎಂದಳು. ನಾನು ಪುಸ್ತಕ ಮುಚ್ಚಿದೆ. ಕೆಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದುಬಂದು, "ನೀನು ಬಂದು ನೀರು ಕೊಡ್ಸೋ ಗಂಟ ನಾನು ಒಂದಕ್ಷರ ಕೇಳಕಿಲ್ಲ ಕಣಕ್ಕ. ಬಿರ್‍ರನೆ ಬಾ" ಎಂದಳು.

ಆಪರೇಷನ್ ದಿನ ನಾನೂ ದೊಡ್ಡಪ್ಪನೂ ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆವು. ನನ್ನ ಮಡಿಲಲ್ಲಿದ್ದ ಚೀಲದಲ್ಲಿ ಫ್ಲಾಸ್ಕು, ಸೀರೆ, ಪುಸ್ತಕ. ಆಗ ನನಗೆ ಒಂದು ವಿಚಾರ ಹೊಳೆಯಿತು. ಚರಿತ್ರೆಯಲ್ಲಿ ಮುತ್ತಿಗೆಗೆ ಸಿಕ್ಕ ಕೋಟೆಗಳು ಸಾಮಾನ್ಯವಾಗಿ ಬೀಳುತ್ತವೆ. ಇತಿಹಾಸ ಓದಿದ ನನಗೆ ಇದು ಗೊತ್ತಿರಬೇಕಾಗಿತ್ತು. ಲೈಬ್ರರಿಯಲ್ಲಿ ಅಷ್ಟೊಂದು ಪುಸ್ತಕಗಳಿರುವಾಗ ಇದನ್ನೇ ಯಾಕೆ ತಂದೆನೋ ಎಂದು ನನ್ನನ್ನು ನಾನೇ ಶಪಿಸಿಕೊಂಡೆ. ಬಿ.ಎ. ಪಾಸಾದವನಿಗೆ ಇಂಥ ನಂಬಿಕೆಯೇ ಎಂದು ನೀವು ನಗಬಹುದು. ಆ ಬೆಂಚಿನ ಮೇಲೆ ಕೂತು ನೋಡಿ, ಆಮೇಲೆ ನಗುವಿರಂತೆ.

ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ದೊಡ್ಡಪ್ಪ ಕೆಮ್ಮಿದ. ಟವೆಲ್ಲು ಬಿಚ್ಚಿ ಮತ್ತೆ ಮಡಿಸಿದ. ಕೊನೆಗೆ ನೆಲ ನೋಡಿಕೊಂಡು, "ಲೋ, ಆ ಕರಟದವ್ಳು ಬದುಕ್ತಾಳಾ?" ಎಂದ.

"ನಿಂಗೆಂಗೆ ಗೊತ್ತು ದೊಡ್ಡಪ್ಪ ಆ ಕತೆ?"

"ಬ್ಯಾರನ್ ಗೋಡೆಗೆ ಕಿವಿ ಇಲ್ವಾ?" ಎಂದು ಮುಖ ತಿರುಗಿಸಿದ. ಸತ್ತವರ ಕತೆಗಳನ್ನೆಲ್ಲ ಅವನು ಗೋಡೆಯ ಹಿಂದೆ ನಿಂತು ಮೊದಲಿನಿಂದಲೂ ಕೇಳಿಸಿಕೊಂಡಿದ್ದ.

"ಕೊನೇ ಪುಟ ನೋಡ್ಲಾ?" ಎಂದು ಚೀಲಕ್ಕೆ ಕೈ ಹಾಕಿದೆ.

ಅವನು ನನ್ನ ಕೈ ಹಿಡಿದುಕೊಂಡ. "ಬ್ಯಾಡ ಬುಡು" ಎಂದ. ಮತ್ತೆ ಆ ಕೈಯನ್ನು ಬಿಡಲೇ ಇಲ್ಲ. ನರ್ಸು ಬಂದು, ಎಲ್ಲ ಚೆನ್ನಾಗಿ ಆಯಿತು, ಗಡ್ಡೆ ತೆಗೆದಿದ್ದಾರೆ ಎಂದು ಹೇಳುವ ತನಕ ನಾವು ಹಾಗೇ ಕೂತಿದ್ದೆವು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಲಿಲ್ಲ ಎಂದು ಅವನು ಇವತ್ತಿಗೂ ನಂಬಿದ್ದಾನೆ.

ಒಂದೆರಡು ದಿನ ದೊಡ್ಡವ್ವ ಕಣ್ಣು ಬಿಡುವುದು, ಮುಚ್ಚುವುದು ಇಷ್ಟೇ ಮಾಡಿದಳು. ನೀರು ಕುಡಿಯಬಾರದು ಎಂದಿದ್ದರು. ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಿದ್ದೆವು. ಮಾತು ಬಂದ ಮೇಲೆ ಪಕ್ಕದ ಮಂಚದವರ ಪರಿಚಯ ಮಾಡಿಕೊಂಡಳು. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದ ಸಾಕಮ್ಮ ಎನ್ನುವವರು. ಇವಳದೇ ಕಾಯಿಲೆ, ಆಪರೇಷನ್ ಇನ್ನೂ ಆಗಬೇಕಾಗಿತ್ತು. ಬಂದಾಗಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ತಾಯಿಯನ್ನು ದೊಡ್ಡವ್ವ ಕೋಟೆಯ ಕತೆ ಹೇಳಿಯೇ ಈ ಕಡೆ ತಿರುಗಿಸಿದಳು. ಪುಸ್ತಕದಲ್ಲಿ ಇದ್ದದ್ದು, ಇಲ್ಲದ್ದು ಎಲ್ಲ ಸೇರಿಸಿ ಹೇಳಿದಳು. ತಾನು ಅದನ್ನು ಯಾಕೆ ಕಷ್ಟದ ಪುಟದಲ್ಲೇ ನಿಲ್ಲಿಸಿ ಬಂದಳೆಂಬುದನ್ನೂ ಬಿಡಲಿಲ್ಲ.

"ನಮ್ ಕಡೆಯಾಗಿದ್ರೆ ನಾಲೆ ಇತ್ತು ಕಣವ್ವ, ಈ ಪಾಡು ಬತ್ತಿರ್ನಿಲ್ಲ" ಎಂದರು ಸಾಕಮ್ಮ.

"ನೀವು ನಾಲೆಯೋರು ಬುಡ್ರವ್ವ. ನೀರಿನ ಬೆಲೆ ನಿಮಗೇನು ಗೊತ್ತು? ನಿಮ್ ಕೋಟೆ ಮುತ್ತಿದ್ರೆ ಶತ್ರುಗಳೂ ನಾಲೇಲಿ ಮಿಂದು, ನಿಮ್ಮನೇಲೇ ಅನ್ನ ಉಂಡು ಓಗ್ತಿದ್ರು" ಎಂದಳು ದೊಡ್ಡವ್ವ. ಸಾಕಮ್ಮ ನಕ್ಕರು. ದೊಡ್ಡವ್ವನೂ ನಗಲು ಹೋಗಿ, ಹೊಲಿಗೆ ಎಳೆದು, ಅಮ್ಮಾ ಎಂದಳು.

ಅವತ್ತು ಮಧ್ಯಾಹ್ನ ಡಾಕ್ಟರು ದೊಡ್ಡವ್ವನಿಗೆ ಚಮಚದಲ್ಲಿ ನೀರು ಕೊಡಬಹುದು ಎಂದರು. ನಾನು ಲೋಟಕ್ಕೆ ನೀರು ಹಾಕಿಕೊಂಡು ಬಂದರೆ ಅವಳು ಕೈ ಅಡ್ಡ ಹಿಡಿದಳು. "ತಡಿ. ಮೊದ್ಲು ಓದು. ಅವ್ರಿಗೆ ಸಿಗ್ಲಿ, ಆಮೇಲೆ ಕುಡೀತೀನಿ."

ಪುಸ್ತಕ ತೆಗೆದು ಓದತೊಡಗಿದೆ. ಆಚೀಚೆ ಮಂಚದವರೂ ಕತ್ತೆತ್ತಿದರು. ಬಾಗಿಲ ಹತ್ತಿರ ದೊಡ್ಡಪ್ಪ, ಈ ಸಲ ಗೋಡೆಯ ಹಂಗಿಲ್ಲದೆ, ನಿಂತುಕೊಂಡ. ಕೋಟೆಯಲ್ಲಿ ಇನ್ನೊಂದು ಹಗಲು ಕಳೆಯಿತು. ಮಕ್ಕಳು ಅಳುವುದನ್ನೂ ನಿಲ್ಲಿಸಿದರು. ಸಂಜೆ ಕಾವಲುಗಾರನ ಹೆಂಡತಿ ಬುರುಜಿನ ಮೇಲೆ ನಿಂತು ಪಡುವಣಕ್ಕೆ ನೋಡುತ್ತಾಳೆ. ಕಪ್ಪಗೆ ಏನೋ ಏಳುತ್ತಿದೆ. ಶತ್ರುಗಳು ಹಾಕಿದ ಬೆಂಕಿಯ ಹೊಗೆಯೋ, ಮೋಡವೋ ಗೊತ್ತಾಗುವುದಿಲ್ಲ. ನಾನು ಪುಟ ತಿರುವಲು ಬೆರಳಿಟ್ಟೆ.

"ನಿಲ್ಸಪ್ಪ" ಎಂದರು ಸಾಕಮ್ಮ.

"ಯಾಕಮ್ಮ? ಇನ್ನೊಂದು ಪುಟ ಓದಿದ್ರೆ ಗೊತ್ತಾಗುತ್ತೆ."

"ಅದ್ಕೇ ನಿಲ್ಸು ಅಂದೆ" ಎಂದರು. "ನಾಳೆ ಬೆಳಗ್ಗೆ ನಂದು ಅದೆ."

ದೊಡ್ಡವ್ವನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅವಳು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು, ಲೋಟದ ನೀರು ನೋಡಿದಳು, ಸಾಕಮ್ಮನವರ ಮುಖ ನೋಡಿದಳು.

"ಮುಚ್ಚು ಮಗ" ಎಂದಳು. "ಇವ್ರೂ ಎದ್ದು ಬರ್ಲಿ. ಎಲ್ರೂ ಒಟ್ಗೇ ಕುಡಿಯುವಾ."